ಜಿಲೇಬಿ ಮೀನಿನಲ್ಲಿ ಗಂಡು ಯಾವುದು, ಹೆಣ್ಣು ಯಾವುದು?

ಈ ಲೇಖನ ಬರೆಯುತ್ತಿರುವ ನಾವು ಐವರೂ ಕಡಲಿನಿಂದ ದೂರದ ಊರಿನವರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಹೀಗೆ ತಾಲ್ಲೂಕಿಗೊಬ್ಬರಂತೆ ಸೇರಿ ಒಂದು ಮಿನಿ ಪ್ರಾಜೆಕ್ಟ್ ತಂಡ ಮಾಡಿಕೊಂಡಿದ್ದೆವು. ವಿಷಯ ಕೇಳಿ ನಗಬೇಡಿ. ಬೆಲ್ಟ್ ಮೇಲೆ ಮೀನು ಸಾಗುವಾಗ ಕ್ಯಾಮೆರಾ ಅದರ ಫೋಟೊ ತೆಗೆದು, ಇದು ಗಂಡು, ಇದು ಹೆಣ್ಣು ಅಂತ ಬೇರೆ ಮಾಡಬೇಕು. ಮೀನು ಯಾವುದು ಅಂದರೆ ನಮ್ಮ ಕಡೆ ಸಂತೆಯಲ್ಲಿ ಜಿಲೇಬಿ ಅಂತ ಮಾರುವ ತಿಲಾಪಿಯಾ. ಕೋಡ್ ಬರೆಯೋದು ಕಷ್ಟ ಆಗಲಿಲ್ಲ. ಮೀನೇ ಅರ್ಥವಾಗದೆ ಪ್ರಾಜೆಕ್ಟ್ ಮುಗ್ಗರಿಸಿತು. ಯಾಕೆ ಮುಗ್ಗರಿಸಿತು ಅಂತ ಹುಡುಕುತ್ತಾ ಹೋದಾಗ ಕಲಿತದ್ದನ್ನು ಇಲ್ಲಿ ಪಾಠದ ಹಾಗೆ ಬರೆಯುತ್ತಿದ್ದೇವೆ.

ಗಂಡು ಹೆಣ್ಣು ಬೇರೆ ಮಾಡಿ ಏನು ಮಾಡ್ತೀರಿ ಅಂತ ಕ್ಲಾಸ್‌ನಲ್ಲಿ ಎಲ್ಲರೂ ಕೇಳಿದರು. ಕೆರೆ ಗುತ್ತಿಗೆ ಹಿಡಿದ ಸಹಕಾರ ಸಂಘದವರನ್ನು ಕೇಳಿ ನೋಡಿ. ಕಾಟ್ಲಾ, ರೋಹು ಮರಿ ತಂದು ಬಿಟ್ಟಿರುತ್ತಾರೆ. ಬಲೆ ಎಳೆದಾಗ ಬರೋದು ಅಂಗೈ ಅಗಲದ ಜಿಲೇಬಿ, ರಾಶಿ ರಾಶಿ. ತೂಕಕ್ಕೆ ಬರುತ್ತೆ, ಬೆಲೆಗೆ ಬರಲ್ಲ. ಈ ಮೀನು ಎರಡು ಮೂರು ತಿಂಗಳಿಗೇ ಬಲಿತು ಮರಿ ಹಾಕುತ್ತದೆ. ಸಣ್ಣ ನೀರಿನಲ್ಲಿ ಸಂಖ್ಯೆ ಏರುತ್ತದೆ, ಮೇವು ಹಂಚಿಹೋಗುತ್ತದೆ, ಯಾವುದೂ ದೊಡ್ಡದಾಗಲ್ಲ. ಗಂಡು ಮಾತ್ರ ಇರುವ ಕೊಳದಲ್ಲಿ ಮರಿ ಆಗಲ್ಲ. ಮೇಲಾಗಿ ಗಂಡು ಹೆಣ್ಣಿಗಿಂತ ಬೇಗ ಬೆಳೆಯುತ್ತದೆ. ಹಾಗಾಗಿ ತಿಲಾಪಿಯಾ ಸಾಕುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಕೆರೆಯ ಮೀನಲ್ಲ, ಅಳಿವೆಯ ಮೀನು

ನದಿ ಕಡಲು ಸೇರುವ, ಸಿಹಿನೀರು ಉಪ್ಪುನೀರು ಬೆರೆಯುವ ಜಾಗಕ್ಕೆ ಕರಾವಳಿಯವರು ಅಳಿವೆ ಅನ್ನುತ್ತಾರೆ. ನಮ್ಮ ಐದು ತಾಲ್ಲೂಕಿನಲ್ಲಿ ಅಳಿವೆ ಎಲ್ಲಿಂದ ಬರಬೇಕು? ನಮ್ಮ ತುಂಗಭದ್ರೆ ಕೃಷ್ಣೆ ಸೇರಿ, ಆಂಧ್ರದ ಹಂಸಲದೀವಿ ಹತ್ತಿರ ಬಂಗಾಳಕೊಲ್ಲಿ ಮುಟ್ಟುವಷ್ಟರಲ್ಲಿ ಅದು ನಮ್ಮದು ಅಂತ ಹೇಳುವ ಧೈರ್ಯ ಯಾರಿಗೂ ಇರಲ್ಲ. ಆದರೂ ಒಂದು ನಂಟು ಇದೆ. 2024ರ ಜನವರಿಯಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಕರ್ನಾಟಕದ ಮೂರು ಹೆಸರು ಒಟ್ಟಿಗೆ ಸೇರಿದವು: ಗದಗ ಜಿಲ್ಲೆಯ ಮಾಗಡಿ ಕೆರೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆ, ನಮ್ಮ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಒಂದು 4,801 ಹೆಕ್ಟೇರಿನ ಅಳಿವೆ, ಇನ್ನೊಂದು ನೂರು ಹೆಕ್ಟೇರೂ ಇಲ್ಲದ, ಮನುಷ್ಯರೇ ಕಟ್ಟಿದ ಕೆರೆ. ಈ ಎರಡೂ ಬಗೆಯ ನೀರಿನಲ್ಲಿ ಬದುಕಬಲ್ಲ ಮೀನುಗಳು ಕಡಿಮೆ. ಜಿಲೇಬಿ ಅವುಗಳಲ್ಲೊಂದು.

ಏಕೆಂದರೆ ಅದರ ತವರೇ ಅಂಥದ್ದು. ಮೊಜಾಂಬಿಕ್ ತಿಲಾಪಿಯಾ ಅನ್ನುವ ಈ ಜಾತಿಗೆ 1852ರಲ್ಲಿ ವೈಜ್ಞಾನಿಕ ಹೆಸರು ಕೊಟ್ಟವರು ಜರ್ಮನಿಯ ಪೀಟರ್ಸ್. ಆಫ್ರಿಕಾದ ಆಗ್ನೇಯ ಕರಾವಳಿಯಲ್ಲಿ, ಜಾಂಬೆಜಿ ನದಿಯ ಕೆಳಭಾಗದಿಂದ ದಕ್ಷಿಣಕ್ಕೆ, ಹೊಳೆ ಮತ್ತು ಅಳಿವೆಗಳಲ್ಲಿ ಅದು ಇತ್ತು. 1930ರ ದಶಕದ ಕೊನೆಯಲ್ಲಿ ಜಾವಾದ ದಕ್ಷಿಣ ಕರಾವಳಿಯ ಒಂದು ನದೀಮುಖದಲ್ಲಿ ಬೆರಳೆಣಿಕೆಯಷ್ಟು ಮೀನು ಕಾಣಿಸಿಕೊಂಡವು. ಅವು ಅಲ್ಲಿಗೆ ಹೇಗೆ ಬಂದವೋ, ಹಿಡಿದು ಸಾಕಿದ ಮುಜೈರ್ ಎಂಬುವರ ಹೆಸರೇ ಅಲ್ಲಿ ಆ ಮೀನಿಗೆ ನಿಂತಿತು. ಏಷ್ಯಾದ ಉದ್ದಗಲಕ್ಕೆ ಹಬ್ಬಿದ್ದು ಬಹುಪಾಲು ಆ ಸಂತತಿ. ಭಾರತಕ್ಕೆ ಬಂದದ್ದು 1952ರಲ್ಲಿ. ಏಳೇ ವರ್ಷಕ್ಕೆ, 1959ರಲ್ಲಿ, ಇದನ್ನು ಇನ್ನು ಹರಡಬಾರದು ಅಂತ ಕೇಂದ್ರದ ಮೀನುಗಾರಿಕಾ ಸಂಶೋಧನಾ ಸಮಿತಿ ತಡೆ ಹಾಕಿತು. ಅಷ್ಟರಲ್ಲಿ ಮೀನು ಕೆರೆ ಸೇರಿ ಆಗಿತ್ತು. ಆಮೇಲೆ 1970ರ ದಶಕದಲ್ಲಿ ನೈಲ್ ತಿಲಾಪಿಯಾ ಅನ್ನುವ ದಾಯಾದಿಯೂ ಬಂತು. ಬಾಲದ ಮೇಲೆ ಒಂದೇ ಅಂತರದಲ್ಲಿ ಉದ್ದುದ್ದ ಪಟ್ಟೆ ಇದ್ದರೆ ಅದು ನೈಲ್. ಎರಡೂ ಬೆರಕೆ ಆಗುತ್ತವೆ, ಅದೊಂದು ತಲೆನೋವು.

ಬಣ್ಣ ನಂಬಿ ಕೆಟ್ಟೆವು

ಹಡಗಲಿ ಗೆಳೆಯನ ಕಾಕಾ ತುಂಗಭದ್ರಾ ಹಿನ್ನೀರಿನಲ್ಲಿ ಹರಿಗೋಲು ಹಾಕಿಕೊಂಡು ಬಲೆ ಬಿಡುತ್ತಾರೆ. ಮೊದಲ ಫೋಟೊಗಳನ್ನು ಅವರ ದಂಡೆಯಲ್ಲೇ ತೆಗೆದೆವು. "ಕರ್ರಗ ಇದ್ದದ್ದು ಗಂಡ, ಬೆಳ್ಳಗ ಇದ್ದದ್ದು ಹೆಣ್ಣ. ಇಷ್ಟಕ್ಕ ಕಂಪ್ಯೂಟರ್ ಯಾಕ್ರೋ ಹುಡುಗ್ರಾ?" ಅಂದರು ಕಾಕಾ. ನಾವು ಹಾಗೇ ಲೇಬಲ್ ಹಾಕಿದೆವು.

ಕಾಕಾ ಹೇಳಿದ್ದು ಸುಳ್ಳಲ್ಲ. ಮೊಜಾಂಬಿಕ್ ತಿಲಾಪಿಯಾದ ಗಂಡು ಬೆದೆಗೆ ಬಂದಾಗ ಮೈಯೆಲ್ಲ ಇದ್ದಿಲಿನ ಹಾಗೆ ಕಪ್ಪಾಗುತ್ತದೆ, ಗಲ್ಲದ ಕೆಳಗೆ ಮಾತ್ರ ಬಿಳುಪು. ಬೆನ್ನಿನ ರೆಕ್ಕೆಯ ಅಂಚು, ಬಾಲದ ಅಂಚು ಕೆಂಪಾಗುತ್ತವೆ. ಹೆಣ್ಣು ಬೂದು ಮಿಶ್ರಿತ ಬೆಳ್ಳಿ ಬಣ್ಣದಲ್ಲೇ ಇರುತ್ತದೆ, ಪಕ್ಕೆಯ ಮೇಲೆ ಮೂರು ನಾಲ್ಕು ಕಪ್ಪು ಮಚ್ಚೆ. ನೈಲ್ ತಿಲಾಪಿಯಾದಲ್ಲಿ ಗಂಡಿನ ತಲೆ, ಎದೆ, ರೆಕ್ಕೆಗಳಿಗೆ ಕೆಂಪು ಛಾಯೆ ಏರುತ್ತದೆ.

ತೊಂದರೆ ಶುರುವಾದದ್ದು ಐಸ್ ಬಾಕ್ಸ್‌ನಲ್ಲಿ. ದಂಡೆಯಲ್ಲಿ ಕರಿಯಾಗಿದ್ದ ಮೀನು ಪೇಟೆ ಮುಟ್ಟುವಷ್ಟರಲ್ಲಿ ಮಂಕಾಗಿ ಬೂದು ಬಣ್ಣಕ್ಕೆ ತಿರುಗಿತ್ತು. ನಮ್ಮ ಮಾಡೆಲ್ ಹೆಚ್ಚುಕಡಿಮೆ ಎಲ್ಲವನ್ನೂ ಹೆಣ್ಣು ಅಂದಿತು. ಮೀನು ಕೊಯ್ಯುವ ಅಕ್ಕನ ಪಕ್ಕ ಕೂತು ಹೊಟ್ಟೆ ತೆಗೆಸಿ ನೋಡಿದೆವು. ಹಳದಿ ತತ್ತಿ ಇದ್ದರೆ ಹೆಣ್ಣು, ಬಿಳಿ ದಾರದಂಥ ಎರಡು ಎಳೆ ಇದ್ದರೆ ಗಂಡು. ಹೆಣ್ಣು ಅಂತ ಪರದೆ ಮೇಲೆ ಬಂದ ಎಷ್ಟೋ ಮೀನಿನ ಹೊಟ್ಟೆಯಲ್ಲಿ ಬಿಳಿ ಎಳೆ! ಅಕ್ಕ ನಮ್ಮ ಲ್ಯಾಪ್‌ಟಾಪ್ ಕಡೆ ನೋಡಿ ಏನೂ ಅನ್ನಲಿಲ್ಲ, ನಕ್ಕರು ಅಷ್ಟೇ.

ಮೀನಿನ ಬಣ್ಣ ನಮ್ಮ ಚರ್ಮದ ಬಣ್ಣದ ಹಾಗೆ ಸ್ಥಿರವಲ್ಲ. ಚರ್ಮದ ಬಣ್ಣದ ಕೋಶಗಳೊಳಗೆ ಕಪ್ಪು ಕಣಗಳು ಹರಡಿದರೆ ಮೈ ಕಪ್ಪು, ಮಧ್ಯಕ್ಕೆ ಮುದುಡಿದರೆ ಮೈ ಬಿಳುಪು. ನರ ಮತ್ತು ಹಾರ್ಮೋನಿನ ಆಜ್ಞೆ ಮೇಲೆ ಇದು ನಿಮಿಷಗಳಲ್ಲೇ ಬದಲಾಗುತ್ತದೆ. ಹೆದರಿದ, ಜಗಳದಲ್ಲಿ ಸೋತ ಗಂಡು ತಿಳಿಯಾಗಿಬಿಡುತ್ತದೆ. ಇನ್ನೂ ಒಂದು ಸ್ವಾರಸ್ಯ ಇದೆ. ಜಾಗ ಹಿಡಿಯಲಾಗದ ಚಿಕ್ಕ ಗಂಡುಗಳು ಹೆಣ್ಣಿನ ಬಣ್ಣ, ಹೆಣ್ಣಿನ ನಡವಳಿಕೆ ಹೊತ್ತುಕೊಂಡು ದೊಡ್ಡ ಗಂಡಿನ ಅಂಗಳಕ್ಕೆ ನುಗ್ಗುತ್ತವೆ. ದೊಡ್ಡ ಗಂಡು ಅವನ್ನೂ ಹೆಣ್ಣು ಅಂತ ತಿಳಿದು ಓಲೈಸುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಗಂಡು ಮೀನಿಗೇ ಮೋಸ ಆಗುತ್ತೆ ಅಂದ ಮೇಲೆ ನಮ್ಮ ಮೊಬೈಲ್ ಕ್ಯಾಮೆರಾ ಯಾವ ಲೆಕ್ಕ?

ಹೊಟ್ಟೆ ಮೇಲೆ ಮಾಡಿ ನೋಡಿ

ನಂಬಬಹುದಾದ ಗುರುತು ಬಾಲಕ್ಕಿಂತ ಮುಂದೆ, ಹೊಟ್ಟೆಯ ಕೆಳಗಿದೆ. ಒದ್ದೆ ಬಟ್ಟೆಯಲ್ಲಿ ಮೀನನ್ನು ಹಿಡಿದು ಅಂಗಾತ ಮಾಡಿ. ಬೆನ್ನಿನ ಮುಳ್ಳು ಚುಚ್ಚುತ್ತೆ, ಹುಷಾರು. ತಲೆಯ ಕಡೆಯಿಂದ ಬಾಲದ ಕಡೆಗೆ ಬೆರಳು ಸರಿಸುತ್ತಾ ಬಂದರೆ ಮೊದಲು ಸಿಗೋದು ಗುದದ್ವಾರ. ಅದರ ಹಿಂದೆ, ಕೆಳಗಿನ ರೆಕ್ಕೆ ಶುರುವಾಗುವ ಮುಂಚೆ, ಮಾಂಸದ ಪುಟ್ಟ ಮೊಗ್ಗು ಇದೆ. ಅದಕ್ಕೆ ಪ್ಯಾಪಿಲ್ಲ ಅನ್ನುತ್ತಾರೆ. ಗಂಡಿನಲ್ಲಿ ಇದು ಉದ್ದ, ಮೊನಚು. ತುದಿಯಲ್ಲಿ ಒಂದೇ ತೂತು. ಮೂತ್ರ, ವೀರ್ಯ ಎರಡಕ್ಕೂ ಅದೇ ದಾರಿ. ಹೆಣ್ಣಿನಲ್ಲಿ ಮೊಗ್ಗು ಗಿಡ್ಡ, ಅಗಲ, ದುಂಡು. ತುದಿಯ ಹತ್ತಿರ ಮೂತ್ರದ ಸಣ್ಣ ತೂತು, ನಡುವೆ ಅಡ್ಡಕ್ಕೆ ಸೀಳಿದಂತೆ ತತ್ತಿ ಬರುವ ದಾರಿ. ಗುದದ್ವಾರವನ್ನೂ ಸೇರಿಸಿ ಎಣಿಸಿದರೆ ಗಂಡಿಗೆ ಎರಡು ದ್ವಾರ, ಹೆಣ್ಣಿಗೆ ಮೂರು. ಇಷ್ಟು ನೆನಪಿಟ್ಟುಕೊಂಡರೆ ಅರ್ಧ ಪಾಠ ಮುಗಿದ ಹಾಗೆ.

ಅಡ್ಡ ಸೀಳು ಬರಿಗಣ್ಣಿಗೆ ಸುಲಭವಾಗಿ ಕಾಣಲ್ಲ. ಸಾಕಣೆಯವರು ಹತ್ತಿಯಲ್ಲಿ ನೀಲಿ ಬಣ್ಣ ಅದ್ದಿ ಮೊಗ್ಗಿನ ಮೇಲೆ ಒತ್ತುತ್ತಾರೆ. ಬಣ್ಣ ಸೀಳಿನಲ್ಲಿ ನಿಂತು ಗೆರೆ ಎದ್ದು ಕಾಣುತ್ತದೆ. ನಾವು ಗೆರೆ ನೋಡೋಕೆ ಕಲಿತದ್ದು ಹತ್ತು ರೂಪಾಯಿಯ ಇಂಕು ಮತ್ತು ಫಿಸಿಕ್ಸ್ ಲ್ಯಾಬಿನಿಂದ ಕೇಳಿ ತಂದ ಲೆನ್ಸ್‌ನಿಂದ. ಬೆರಳುದ್ದಕ್ಕಿಂತ ಚಿಕ್ಕ ಮರಿಯಲ್ಲಿ ಇದೂ ನಡೆಯಲ್ಲ, ಮೊಗ್ಗೇ ಬಲಿತಿರಲ್ಲ. ಬಲಿತ ಮೀನಿನಲ್ಲೂ ಕೈ ಪಳಗಬೇಕು. ದಿನಕ್ಕೆ ಸಾವಿರ ಮೀನು ನೋಡುವವರೂ ಕೆಲವನ್ನು ತಪ್ಪುತ್ತಾರೆ. ಗಂಡಿನ ಕೊಳಕ್ಕೆ ನಾಲ್ಕೈದು ಹೆಣ್ಣು ನುಸುಳಿದರೂ ಸಾಕು, ಮರಿ ಶುರು.

ಒಳಗೂ ಒಂದು ವ್ಯತ್ಯಾಸ ಇದೆ, ನಮಗೆ ಅತಿ ಇಷ್ಟವಾದದ್ದು ಅದು. ಜಾಗ ಹಿಡಿದು ದರ್ಬಾರು ಮಾಡುವ ಗಂಡಿನ ಮೂತ್ರಕೋಶ ಸೋತ ಗಂಡಿನದ್ದಕ್ಕಿಂತ ದಪ್ಪ ಸ್ನಾಯುವಿನದ್ದು. ಅದು ಮೂತ್ರವನ್ನು ಕೂಡಿಟ್ಟುಕೊಂಡು, ಎದುರಾಳಿ ಬಂದಾಗ, ಹೆಣ್ಣು ಹತ್ತಿರ ಸುಳಿದಾಗ ಪಿಚಕಾರಿ ಹಾಗೆ ಬಿಟ್ಟು ಬಿಟ್ಟು ಹರಿಸುತ್ತದೆ. ಅದರಲ್ಲಿರುವ ರಾಸಾಯನಿಕ 'ಈ ಜಾಗ ನನ್ನದು' ಅಂತ ಸಾರುತ್ತದೆ. ಪಲ್ಸ್ ಕೋಡ್ ಮಾಡ್ಯುಲೇಶನ್ ಓದಿ ಬೇಸತ್ತ ಇ ಅಂಡ್ ಸಿ ಗೆಳೆಯರು ಇದನ್ನು ಗಮನಿಸಬೇಕು. ಅಳಿವೆಯ ಕದಡಿದ ನೀರಿನಲ್ಲಿ ಬಣ್ಣ ಎಷ್ಟು ದೂರ ಕಂಡೀತು? ಅಂಥ ಕಡೆ ವಾಸನೆಯ ಭಾಷೆಯೇ ಹೆಚ್ಚು ಕೆಲಸಕ್ಕೆ ಬರುತ್ತಿರಬೇಕು ಅಂತ ನಮ್ಮ ಊಹೆ.

ಬಾಯಿಯೇ ತೊಟ್ಟಿಲು

ಇಷ್ಟೆಲ್ಲ ವ್ಯತ್ಯಾಸ ಯಾಕೆ ಅಂದರೆ ಮನೆಗೆಲಸ ಹಂಚಿಕೊಂಡ ರೀತಿ. ಗಂಡು ಆಳ ಇಲ್ಲದ ಕಡೆ ತಳದ ಮರಳು, ಕೆಸರನ್ನು ಬಾಯಿಯಿಂದ ಎತ್ತಿ ಎತ್ತಿ ಆಚೆ ಉಗುಳಿ ಬಟ್ಟಲಿನಾಕಾರದ ಗುಳಿ ತೋಡುತ್ತದೆ. ಪಕ್ಕ ಪಕ್ಕದಲ್ಲೇ ಹತ್ತಾರು ಗಂಡುಗಳ ಗುಳಿ, ದಿನವಿಡೀ ಗಡಿ ಜಗಳ. ಎದುರಾಳಿಯ ದವಡೆಗೆ ದವಡೆ ಕೊಟ್ಟು ಎಳೆದಾಡುತ್ತವೆ. ಬಲಿತ ಗಂಡಿನ ದವಡೆ ಹಿಗ್ಗಿ, ತುಟಿ ದಪ್ಪವಾಗಿ, ಹಣೆಯಿಂದ ಮೂತಿವರೆಗಿನ ಗೆರೆ ಒಳಕ್ಕೆ ಬಾಗಿರುತ್ತದೆ. ಬೆನ್ನಿನ ರೆಕ್ಕೆಯ ಹಿಂದಿನ ತುದಿಯೂ ಉದ್ದ, ಮೊನಚು.

ಹೆಣ್ಣು ಗುಳಿಗೆ ಬಂದು ತತ್ತಿ ಇಟ್ಟ ಕೂಡಲೇ ಬಾಯೊಳಗೆ ತುಂಬಿಕೊಳ್ಳುತ್ತದೆ. ಅಲ್ಲಿಗೆ ಗಂಡಿನ ಜವಾಬ್ದಾರಿ ಮುಗಿಯಿತು. ಮೂರರಿಂದ ಐದು ದಿನಕ್ಕೆ ಬಾಯಲ್ಲೇ ಮರಿ ಒಡೆಯುತ್ತವೆ. ಹತ್ತು ಹದಿನಾಲ್ಕು ದಿನಕ್ಕೆ ಹೊರಗೆ ಬಿಡುತ್ತದೆ, ಆದರೆ ಅಪಾಯ ಬಂದರೆ ಮರಿಗಳೆಲ್ಲ ಮತ್ತೆ ಬಾಯಿಗೆ. ಮೂರು ವಾರದವರೆಗೂ ಈ ಓಡಾಟ. ಅಷ್ಟೂ ದಿನ ತಾಯಿಗೆ ಊಟ ಇಲ್ಲ ಅಂದರೂ ನಡೆದೀತು. ಗಂಟಲಿನ ಚೀಲ ಕೆಳಕ್ಕೆ ಜೋತಿರುತ್ತದೆ, ಮೈ ಬಡವಾಗಿ ತಲೆಯೇ ದೊಡ್ಡದಾಗಿ ಕಾಣುತ್ತದೆ. ಇನ್ನೇನು ಚೇತರಿಸಿಕೊಂಡಿತು ಅನ್ನುವಷ್ಟರಲ್ಲಿ ಮತ್ತೆ ತತ್ತಿ. ಹೆಣ್ಣು ಚಿಕ್ಕದಾಗಿ ಉಳಿಯೋದಕ್ಕೆ ಇದು ದೊಡ್ಡ ಕಾರಣ. ಕಾಕಾ ಬಲೆಯಿಂದ ಒಂದು ಹೆಣ್ಣನ್ನು ಎತ್ತಿದಾಗ ಅದರ ಬಾಯಿಂದ ಹಳದಿ ತತ್ತಿ ಹರಿಗೋಲಿನ ಒಳಗೆಲ್ಲ ಉದುರಿದವು. "ಯಾವಾಗ್ಲೂ ಹಿಂಗ ಕಾರ್ತಾವ ಇವು, ಏನ ತಿಂದಿರ್ತಾವ ಅಂತ ಬಿಟ್ಟಿದ್ದೆ" ಅಂದರು ಕಾಕಾ.

ಹೋಲಿಕೆಗೆ ನಮ್ಮದೇ ಮೀನು ನೋಡಿ. ತಿಲಾಪಿಯಾದ ಕುಟುಂಬಕ್ಕೇ ಸೇರಿದ, ಅಳಿವೆಗಳಲ್ಲಿ ಸಿಗುವ ಕರಿಮೀನಿನಲ್ಲಿ ಗಂಡು ಹೆಣ್ಣು ಹೊರಗಿನಿಂದ ಒಂದೇ ಥರ. ಅಲ್ಲಿ ಅಪ್ಪ ಅಮ್ಮ ಇಬ್ಬರೂ ಕಲ್ಲಿಗೋ ಕಡ್ಡಿಗೋ ತತ್ತಿ ಅಂಟಿಸಿ ಒಟ್ಟಿಗೆ ಕಾಯುತ್ತವೆ. ಅದರ ಇನ್ನೊಂದು ಬಂಧು ದಕ್ಷಿಣ ಕನ್ನಡದ ಹೊಳೆಗಳಲ್ಲಿದೆ. 1877ರಲ್ಲಿ ಫ್ರಾನ್ಸಿಸ್ ಡೇ ಅದಕ್ಕೆ ಕೆನರಾದ ಹೆಸರನ್ನೇ ಸೇರಿಸಿ ಎಟ್ರೋಪ್ಲಸ್ ಕೆನರೆನ್ಸಿಸ್ ಅಂದ. ಪಶ್ಚಿಮ ಆಫ್ರಿಕಾದ ಅಳಿವೆಗಳ ಕಪ್ಪುಗಲ್ಲದ ತಿಲಾಪಿಯಾದಲ್ಲಿ ಲೆಕ್ಕವೇ ಉಲ್ಟಾ: ಬಾಯಲ್ಲಿ ತತ್ತಿ ಹೊತ್ತು ಉಪವಾಸ ಇರೋದು ಗಂಡು. ತಿಲಾಪಿಯಾ ಅಂದರೆ ತಾಯಿಯೇ ಹೊರಬೇಕು ಅನ್ನೋ ನಿಯಮ ಏನಿಲ್ಲ.

ಅಳಿವೆಗೆ ಹೋದರೆ ಅಳತೆ ಬದಲಾಗುತ್ತದೆ

ಬಣ್ಣ ಕೈಕೊಟ್ಟ ಮೇಲೆ ನಾವು ಗಾತ್ರದ ಮೊರೆ ಹೋದೆವು. ಇಷ್ಟು ಸೆಂಟಿಮೀಟರ್ ಮೇಲಿದ್ದರೆ ಗಂಡು, ಕೆಳಗಿದ್ದರೆ ಹೆಣ್ಣು ಅಂತ ಗೆರೆ ಎಳೆದೆವು. ಒಂದೇ ದಿನ ಬಿಟ್ಟ, ಒಂದೇ ವಯಸ್ಸಿನ ಮೀನುಗಳ ಕೊಳದಲ್ಲಿ ಇದು ತಕ್ಕಮಟ್ಟಿಗೆ ನಡೆದೀತು. ಹಿನ್ನೀರಿನಲ್ಲಿ ಎರಡು ವರ್ಷದ ಹೆಣ್ಣು, ಆರು ತಿಂಗಳ ಗಂಡು ಒಂದೇ ಬಲೆಗೆ ಬರುತ್ತವೆ. ಅಲ್ಲಿ ಗೆರೆಗೆ ಅರ್ಥವಿಲ್ಲ.

ಅಳಿವೆಯಲ್ಲಿ ಇನ್ನೂ ಕಷ್ಟ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಮೀನಿನ ರಕ್ತದ ಉಪ್ಪು ಅದರ ಮೂರನೇ ಒಂದು ಭಾಗದ ಆಸುಪಾಸು. ಕೆರೆಯಲ್ಲಿ ಮೈಯ ಉಪ್ಪು ಸೋರಿಹೋಗುತ್ತದೆ, ನೀರು ಒಳಗೆ ನುಗ್ಗುತ್ತದೆ. ಕಡಲಲ್ಲಿ ಇದರ ತಿರುಗುಮುರುಗು. ಎರಡು ಕಡೆಯೂ ಕಿವಿರಿನ ವಿಶೇಷ ಕೋಶಗಳು ಪಂಪ್ ಹಾಗೆ ಕೆಲಸ ಮಾಡಬೇಕು, ಒಂದು ಕಡೆ ಉಪ್ಪನ್ನು ಒಳಕ್ಕೆ, ಇನ್ನೊಂದು ಕಡೆ ಹೊರಕ್ಕೆ. ಅಘನಾಶಿನಿಯಂಥ ಅಳಿವೆಯಲ್ಲಿ ಮಳೆಗಾಲಕ್ಕೆ ನೀರು ಸಿಹಿ, ಬೇಸಿಗೆಗೆ ಉಪ್ಪು, ನಡುವೆ ದಿನಕ್ಕೆರಡು ಸಲ ಭರತ ಇಳಿತ. ಮೊಜಾಂಬಿಕ್ ತಿಲಾಪಿಯಾ ಇದನ್ನೆಲ್ಲ ತಡೆದುಕೊಂಡು ಸಮುದ್ರದಷ್ಟೇ ಉಪ್ಪಿರುವ ನೀರಿನಲ್ಲೂ ಮರಿ ಮಾಡುತ್ತದೆ. ಸಮುದ್ರದ ನೀರಿನಲ್ಲಿ ಸಾಕಿದ ಮೀನು ಸಿಹಿನೀರಿನದಕ್ಕಿಂತ ಬೇಗ ಬೆಳೆದದ್ದನ್ನು ಹವಾಯಿಯ ಪ್ರಯೋಗಗಳು ತೋರಿಸಿವೆ. ಇನ್ನೊಂದು ತುದಿಯಲ್ಲಿ ಸೆನೆಗಲ್‌ನ ಸಲೂಮ್ ಅಳಿವೆ ಇದೆ. ಅಲ್ಲಿ ಒಳನಾಡಿನ ಕಡೆ ಹೋದಷ್ಟೂ ನೀರು ಕಡಲಿಗಿಂತ ಉಪ್ಪು. ಕಪ್ಪುಗಲ್ಲದ ತಿಲಾಪಿಯಾ ಅಲ್ಲಿ ಗಿಡ್ಡವಾಗಿರುವಾಗಲೇ ಬಲಿತುಬಿಡುತ್ತದೆ.

ಅಂದರೆ ಒಂದು ನೀರಿನ ಗಂಡಿನಷ್ಟೇ ದೊಡ್ಡದಾದ ಹೆಣ್ಣು ಇನ್ನೊಂದು ನೀರಿನಲ್ಲಿ ಸಿಗಬಹುದು. ಹಗರಿಬೊಮ್ಮನಹಳ್ಳಿಯ ಮಾಲವಿ ಜಲಾಶಯದಲ್ಲಿ ಎಳೆದ ಗೆರೆಯನ್ನು ಕುಮಟಾಕ್ಕೆ ಒಯ್ದರೆ ಕೆಲಸಕ್ಕೆ ಬರಲ್ಲ. ಬಣ್ಣ, ದವಡೆ, ಗಾತ್ರ ಎಲ್ಲವೂ ನೀರು, ಮೇವು, ವಯಸ್ಸು, ಜಗಳಗಳ ಪ್ರಕಾರ ಏರಿಳಿಯುತ್ತವೆ. ಹೊಟ್ಟೆಯ ಕೆಳಗಿನ ತೂತುಗಳ ಲೆಕ್ಕ ಮಾತ್ರ ಎರಡೂ ಕಡೆ ಒಂದೇ. ನಮ್ಮ ಬೆಲ್ಟ್ ಮೀನಿನ ಪಕ್ಕೆಯ ಫೋಟೊ ತೆಗೆಯುತ್ತಿತ್ತು. ಗುರುತು ಇದ್ದದ್ದು ಕೆಳಗೆ! ಇದನ್ನು ಅರಿಯಲು ಒಂದು ಸೆಮಿಸ್ಟರ್ ಬೇಕಾಯಿತು.

ಅದಕ್ಕೂ ಒಂದು ಮಿತಿ ಇದೆ. ಸಾಕಣೆಯವರು ಈಗ ಕೈಯಲ್ಲಿ ಆರಿಸೋದು ಕಡಿಮೆ. ಲಿಂಗ ನಿರ್ಧಾರ ಆಗುವ ಮುಂಚೆಯೇ, ಮರಿಗೆ ಮೊದಲ ಮೂರು ನಾಲ್ಕು ವಾರ ಗಂಡು ಹಾರ್ಮೋನ್ ಬೆರೆಸಿದ ಮೇವು ಕೊಡುತ್ತಾರೆ, ಸಾಮಾನ್ಯವಾಗಿ ಕಿಲೋ ಮೇವಿಗೆ 60 ಮಿಲಿಗ್ರಾಂ ಲೆಕ್ಕದಲ್ಲಿ. ವರ್ಣತಂತು ನೋಡಿದರೆ ಎಕ್ಸ್ ಎಕ್ಸ್, ಅಂದರೆ ಹೆಣ್ಣು. ಮೈ ಮಾತ್ರ ಗಂಡಿನದು, ವೀರ್ಯವೂ ಗಂಡಿನದೇ. ನೈಲ್ ತಿಲಾಪಿಯಾದ ಎಳೆ ಮರಿಗಳನ್ನು 36 ಡಿಗ್ರಿಯಂಥ ಬಿಸಿ ನೀರಿನಲ್ಲಿಟ್ಟರೂ ಗಂಡಿನ ಪಾಲು ಏರುತ್ತದೆ. ಹಾರ್ಮೋನ್ ಬೇಡ ಅಂದವರಿಗೆ ಬೇರೆ ದಾರಿಯೂ ಸಿಕ್ಕಿತ್ತು. 1960ರಲ್ಲೇ ಮಲಕ್ಕಾದಲ್ಲಿ ಹಿಕ್ಲಿಂಗ್ ಎಂಬ ವಿಜ್ಞಾನಿ ಎರಡು ಜಾತಿಯ ತಿಲಾಪಿಯಾ ಕೂಡಿಸಿ ಬರೀ ಗಂಡು ಮರಿ ಪಡೆದಿದ್ದ. ಅದಕ್ಕೆ ಎರಡೂ ಜಾತಿ ಶುದ್ಧವಾಗಿರಬೇಕು. ನಮ್ಮ ಕೆರೆಗಳ ಬೆರಕೆ ಜಿಲೇಬಿಯಲ್ಲಿ ಅದು ಆಗದ ಮಾತು.

ಇದನ್ನೆಲ್ಲ ಕಾಕಾಗೆ ಹೇಳಿದಾಗ ಅವರು ಒಂದೇ ಪ್ರಶ್ನೆ ಕೇಳಿದರು. "ಹಂಗಾದ್ರ ಗಂಡನ್ನೆಲ್ಲಾ ಹಿಡದು ಹಾಕಿದ್ರ ಮರಿ ನಿಲ್ತಾವೇನು?" ನಿಲ್ಲಲ್ಲ. ಒಂದು ಗಂಡು ಉಳಿದರೂ ಎಷ್ಟೋ ಹೆಣ್ಣುಗಳಿಗೆ ಸಾಕು. ದೊಡ್ಡ ಗಂಡು ಹೋದರೆ ಹೆಣ್ಣಿನ ವೇಷದಲ್ಲಿದ್ದ ಚಿಕ್ಕ ಗಂಡು ಅದರ ಜಾಗಕ್ಕೆ ಬರುತ್ತದೆ. ಮರಿ ತಿನ್ನುವ ಕೊರವದಂಥ ಮೀನು ಇದ್ದರೆ ಕಡಿಮೆಯಾದೀತು. ಇಲ್ಲವೇ ನೀರಿಳಿದಾಗ ಗುಳಿಗಳು ಬಯಲಿಗೆ ಬಿದ್ದರೆ ಆ ಸಲದ ಸಂಸಾರ ಕೆಡುತ್ತದೆ. ಗುಳಿ ಅಂದ ಕೂಡಲೇ ಕಾಕಾ ನಮ್ಮನ್ನು ದಂಡೆಗುಂಟ ಕರೆದುಕೊಂಡು ಹೋದರು. ಬೇಸಿಗೆಗೆ ಹಿನ್ನೀರು ಸರಿದ ಕೆಸರಿನಲ್ಲಿ, ಒಣಗಿ ಬಿರುಕು ಬಿಡುತ್ತಿದ್ದ ನೆಲದ ಮೇಲೆ, ತಟ್ಟೆ ಅಗಲದ ಗುಳಿಗಳು ಸಾಲಾಗಿ ಇದ್ದವು.

"ಇಷ್ಟ ವರ್ಷ ಎಮ್ಮಿ ಹೊಳ್ಳಾಡಿದ ಗುಳಿ ಅಂತ ತಿಳದಿದ್ದೆ" ಅಂದರು. ನಾವು ಸ್ಕೇಲ್ ತೆಗೆದು ಒಂದೊಂದಾಗಿ ಅಳೆಯಲು ಕೂತೆವು.